ಹಿಲ್ಕಾಳ ಪಾಸ್‌ವರ್ಡ್

ಎಂಟರ್ ಒತ್ತಿದರೆ ಮುಗಿಯಿತು. ಆರ್ಮಾಸ್ ಒತ್ತಲಿಲ್ಲ. ಕಪ್ಪು ಪರದೆಯ ಮೇಲೆ ತಾನೇ ಟೈಪ್ ಮಾಡಿದ ಒಂದು ಸಾಲಿನ ಆಜ್ಞೆಯನ್ನು ಮತ್ತೆ ಓದಿದ. ಅದರ ಕೊನೆಯಲ್ಲಿ ಹಿಲ್ಕಾಳ ಹೆಸರಿತ್ತು.

ಬೆಳಿಗ್ಗೆ ಮೇಲಧಿಕಾರಿ ಪಾನು ಬಾಗಿಲಲ್ಲೇ ನಿಂತು ಹೇಳಿಹೋಗಿದ್ದ: "ಎರಡು ಗಂಟೆಗೆ ಕಂಪ್ಯೂಟರಿನಿಂದ ಅವಳ ಖಾತೆ ತೆಗೆದುಬಿಡು. ಮೂರಕ್ಕೆ ಕರೆದು ನಾನೇ ಹೇಳ್ತೀನಿ, ಕೆಲಸ ಹೋಯ್ತು ಅಂತ."

"ಮೊದಲು ಹೇಳಿ, ಆಮೇಲೆ ತೆಗೆದ್ರೆ?"

"ಸಿಟ್ಟಲ್ಲಿ ಏನಾದ್ರೂ ಅಳಿಸಿಬಿಟ್ರೆ? ನಿಯಮ ಇರೋದೇ ಹಾಗಪ್ಪ."

ಔಲು ಬಂದರಿನ ಈ ಮರದ ಕಂಪನಿಯಲ್ಲಿ ಹಿಲ್ಕಾ ಹತ್ತೊಂಬತ್ತು ವರ್ಷಗಳಿಂದ ಹಡಗುಗಳ ಪಟ್ಟಿ ನೋಡಿಕೊಳ್ಳುತ್ತಿದ್ದಳು. ಆರ್ಮಾಸ್ ಕಂಪ್ಯೂಟರ್ ವಿಭಾಗದವನು; ವಿಭಾಗವೆಂದರೆ ಅವನೊಬ್ಬನೇ. ಮೌಸ್ ಹಿಡಿದು ಹಿಡಿದು ಅವಳ ಮಣಿಕಟ್ಟು ಊದಿಕೊಂಡಾಗ, ಕೀಲಿಗಳಲ್ಲೇ ಎಲ್ಲ ಮಾಡುವುದನ್ನು ಕಲಿಸಿದವನು ಅವನೇ. ಕಂಟ್ರೋಲ್ ಜೊತೆ ಝೆಡ್ ಒತ್ತಿದರೆ ಮಾಡಿದ್ದು ಮಾಡದಂತಾಗುತ್ತದೆ ಎಂದು ತೋರಿಸಿದ ದಿನ ಅವಳು, "ಮದುವೆಗೆ ಮುಂಚೆ ಹೇಳಿಕೊಡಬಾರದಿತ್ತೇನೋ?" ಎಂದು ನಕ್ಕಿದ್ದಳು. ಈ ಕಪ್ಪು ಪರದೆಯಲ್ಲಿ ಆ ಸೌಕರ್ಯವಿರಲಿಲ್ಲ.

ಇವತ್ತು ಊಟಕ್ಕೆ ಇಬ್ಬರೂ ಎದುರುಬದುರು ಕೂತಿದ್ದರು. ಸಾಲ್ಮನ್ ಸೂಪು, ಕಪ್ಪು ಬ್ರೆಡ್ಡು.

"ಏನೋ, ಮುಖ ಯಾಕೆ ಹಾಗಿದೆ?"

"ನಿದ್ದೆ ಇಲ್ಲ."

"ಯಾರನ್ನೋ ತೆಗೀತಾರಂತೆ. ನಿಂಗೇನಾದ್ರೂ ಗೊತ್ತಾ?"

"ನಂಗ್ಯಾರು ಹೇಳ್ತಾರೆ?" ಎಂದು ಅವನು ಬ್ರೆಡ್ಡಿಗೆ ಬೆಣ್ಣೆ ಸವರಿದ. ಆಗಲೇ ಒಮ್ಮೆ ಸವರಿಯಾಗಿತ್ತು.

ಈಗ ಎರಡು ದಾಟಿ ಎರಡು ನಿಮಿಷ. ಒತ್ತಿದ. ಪರದೆ ಏನೂ ಹೇಳಲಿಲ್ಲ. ಕೆಲಸ ಸರಿಯಾಗಿ ಆದಾಗ ಅದು ಏನೂ ಹೇಳುವುದಿಲ್ಲ. ಆ ಮೌನ ಅವನಿಗೆ ಹಿಡಿಸುತ್ತಿತ್ತು. ಮನುಷ್ಯರಿಗಿಂತ ವಾಸಿ ಎಂದುಕೊಳ್ಳುತ್ತಿದ್ದ.

ಸ್ವಲ್ಪ ಹೊತ್ತಿಗೆ ಹಿಲ್ಕಾ ಬಾಗಿಲಲ್ಲಿದ್ದಳು.

"ನನ್ನ ಮಿಷಿನ್ನು ನನ್ನನ್ನೇ ಹೊರಗೆ ಹಾಕಿದೆ ಕಣೋ. ಬೆರಳು ತಪ್ಪುತ್ತಿದೆಯೋ ಏನೋ. ನೀನೇ ಹೊಡೆದು ನೋಡು ಬಾ."

ಹೇಳಬಹುದಿತ್ತು. ಅವನು ಎದ್ದುಹೋಗಿ ಅವಳ ಕುರ್ಚಿಯಲ್ಲಿ ಕೂತ. ಅದಿನ್ನೂ ಬೆಚ್ಚಗಿತ್ತು.

"ಪಾಸ್‌ವರ್ಡ್ ಯಾರಿಗೂ ಹೇಳಬಾರದು."

"ನಿಂಗೆ ತಾನೆ. ಮೆರಿಲೋಕ್ಕಿ. ನನ್ನ ಗಂಡನ ದೋಣಿ ಹೆಸರು. ಮುಂದೆ ಹದಿನಾರು ಹಾಕು. ಅವನು ತೀರಿಕೊಂಡ ವರ್ಷ."

ಹೊಡೆದ. ತಪ್ಪು ಎಂದಿತು. ಮತ್ತೆ ಹೊಡೆದ.

"ನಿಧಾನ ಮಾರಾಯ." ಅವಳು ಹಿಂದೆ ನಿಂತು, ಮಗುವಿಗೆ ಹೇಳಿಕೊಡುವಂತೆ ಒಂದೊಂದೇ ಅಕ್ಷರ ಹೇಳತೊಡಗಿದಳು. ಹೇಳಿದ್ದನ್ನೆಲ್ಲ ಅವನು ವಿಧೇಯನಾಗಿ ಒತ್ತಿದ. ಈಗ ಒಂದು ಸುಳ್ಳನ್ನೂ ಆಡದೆಯೇ ಮೋಸ ಮಾಡುತ್ತಿದ್ದೇನೆ ಎನಿಸಿ ಅವನಿಗೆ ಹೇಸಿಗೆಯಾಯಿತು.

ಪಡಸಾಲೆಯ ಕೊನೆಯಲ್ಲಿ ಪಾನುವಿನ ಬಾಗಿಲು ತೆರೆಯಿತು. ಮೂರಾಗಲು ಇನ್ನೂ ಹೊತ್ತಿತ್ತು.

"ಹಿಲ್ಕಾ, ಒಂದ್ನಿಮಿಷ ಬರ್ತೀಯಾ?"

"ಬಂದೆ. ಆರ್ಮಾಸ್ ಸರಿಮಾಡ್ತಿದಾನೆ." ಅವನ ಭುಜ ತಟ್ಟಿದಳು. "ಅಷ್ಟರಲ್ಲಿ ನನ್ನ ಪಟ್ಟಿ ತೆಗೆದಿಟ್ಟಿರು."

ಬಾಗಿಲು ಮುಚ್ಚಿಕೊಂಡಿತು. ಅವನು ಏಳಲಿಲ್ಲ. ದೋಣಿಯ ಹೆಸರನ್ನು ಮತ್ತೊಮ್ಮೆ ಮೊದಲಿನಿಂದ ಹೊಡೆಯತೊಡಗಿದ. ಕಿಟಕಿಯಾಚೆ ಹಿಮ ಒಡೆಯುವ ಹಡಗೊಂದು ಹೆಪ್ಪುಗಟ್ಟಿದ ಕೊಲ್ಲಿಯನ್ನು ಸೀಳುತ್ತ ಹೋಗುತ್ತಿತ್ತು. ಅದು ಬಿಡಿಸಿದ ಕಪ್ಪು ನೀರಿನ ದಾರಿ ಅದರ ಬೆನ್ನಿಗೇ ಮುಚ್ಚಿಕೊಳ್ಳುತ್ತಿತ್ತು.