ಹದಿನೆಂಟು ಅಡಿಯ ಪರದೆ

ಉತ್ಸವದ ಪರದೆ ಹೊಲಿಯುವವರು ಯಾರು ಎಂದು ಊರಲ್ಲಿ ಯಾರನ್ನು ಕೇಳಿದರೂ ಪರದೆಯಕ್ಕನ ಮನೆಗೇ ಬೆರಳು ತೋರಿಸುತ್ತಿದ್ದರು. ಒಂದೆರಡಲ್ಲ, ಇಪ್ಪತ್ತೊಂದು ವರ್ಷ. ಮೊದಲೆಲ್ಲ ಸಂಸ್ಕೃತಿ ಇಲಾಖೆಯಿಂದ ಒಂದು ಕಾಗದ ಬರುತ್ತಿತ್ತು, ಅವಳು ಹೋಗಿ ಅಳತೆ ತೆಗೆಯುತ್ತಿದ್ದಳು, ನಾದಿನಿಯನ್ನೂ ಇನ್ನು ಮೂವರು ಹೆಂಗಸರನ್ನೂ ಕೂರಿಸಿಕೊಂಡು ಹೊಲಿದುಕೊಡುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಉತ್ಸವ ದೊಡ್ಡದಾಯಿತು. ಸರ್ಕಾರ ಕೋಟಿಗಟ್ಟಲೆ ಸುರಿಯತೊಡಗಿದ ಮೇಲೆ ಕಂಬಕ್ಕೊಂದು ಟೆಂಡರು, ದೀಪಕ್ಕೊಂದು, ಕುರ್ಚಿಗೊಂದು, ಪರದೆಗೊಂದು. ಟೆಂಡರು ಹಾಕುವವರು ಮೂರು ವರ್ಷದ ವಹಿವಾಟು ತೋರಿಸಬೇಕು ಎಂದು ಬರೆದಿತ್ತು. ಪರದೆಯಕ್ಕ ತೋರಿಸಬಹುದಾಗಿದ್ದದ್ದು ಐದು ಹೊಲಿಗೆ ಮೆಷಿನ್ನು, ಹತ್ತು ಬೆರಳು.

ಕೆಲಸ ಹೋದದ್ದು ಒಂದು ದೊಡ್ಡ ಕಂಪನಿಗೆ. ಆ ಕಂಪನಿಯಲ್ಲಿ ಸೂಜಿಗೆ ದಾರ ಪೋಣಿಸಲು ಬರುವವರು ಒಬ್ಬರೂ ಇರಲಿಲ್ಲ. ಅದರ ಮ್ಯಾನೇಜರು ಕಿವಿಯಿಂದ ಫೋನು ಕೆಳಗಿಳಿಸಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಹೆಂಗಸರು ಅವನಿಗೆ ಫೋನಣ್ಣ ಎಂದು ಹೆಸರಿಟ್ಟಿದ್ದರು. ಅವನು ನೇರ ಪರದೆಯಕ್ಕನ ಮನೆಗೇ ಬಂದು, ಅವಳಿಂದ ಕಿತ್ತುಕೊಂಡ ಕೆಲಸವನ್ನೇ ಮೂರರಲ್ಲೊಂದು ಪಾಲು ಕೂಲಿಗೆ ಅವಳ ಮುಂದಿಟ್ಟ. ಅವಳು ಹಲ್ಲು ಕಚ್ಚಿಕೊಂಡು ಒಪ್ಪಿದಳು. ಐದು ಮನೆಯ ಒಲೆ ಉರಿಯಬೇಕಿತ್ತು.

ಕಾಗದ ನೋಡುವ ಮುಂಚೆ ರಂಗ ನೋಡುವುದು ಅವಳ ಪದ್ಧತಿ. ಉತ್ಸವ ನಡೆಯುತ್ತಿದ್ದ ಹಳೆಯ ಸಭಾಭವನವನ್ನು ಹೋದ ಉತ್ಸವ ಮುಗಿದ ಮೇಲೆ ಕೆಡವಿದ್ದರು. ಈ ಸಲ ಮೈದಾನದಲ್ಲಿ ಕಬ್ಬಿಣದ ಹೊಸ ರಂಗ ಎದ್ದಿತ್ತು. ಅವಳು ಏಣಿ ಹತ್ತಿ, ಪರದೆ ಜೋತುಬೀಳುವ ಸರಳಿನಿಂದ ತೂಕಕ್ಕೆ ನಟ್ಟು ಕಟ್ಟಿದ ದಾರ ಇಳಿಬಿಟ್ಟು, ಕೆಳಗೆ ಬಂದು ಅಳೆದಳು. ಇಪ್ಪತ್ತೆರಡು ಅಡಿ. ಟೆಂಡರಿನ ಕಾಗದ ಬಿಡಿಸಿದರೆ ಹದಿನೆಂಟು ಅಂತಿತ್ತು.

ಆ ಹದಿನೆಂಟು ಎಲ್ಲಿಂದ ಬಂತು ಎಂಬುದು ಅವಳಿಗೆ ನೋಡಿದ ಕ್ಷಣವೇ ಗೊತ್ತಾಯಿತು. ಹಳೆಯ ಭವನದ ಅಳತೆಯನ್ನು ಯಾವ ಕಾಲದಲ್ಲೋ ಅವಳೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಭವನ ಮಣ್ಣುಪಾಲಾಗಿತ್ತು, ಚೀಟಿ ಮಾತ್ರ ಕಡತದಿಂದ ಕಡತಕ್ಕೆ ಹಾರುತ್ತಾ ಚಿರಂಜೀವಿಯಾಗಿತ್ತು.

ಫೋನಣ್ಣನಿಗೆ ಹೇಳಿದಳು. ಅವನು ಫೋನಿಗೆ ಅಂಗೈ ಮುಚ್ಚಿ, ಕಾಗದದಲ್ಲಿ ಇದ್ದಷ್ಟೇ ಹೊಲಿಯಬೇಕೆಂದೂ, ಒಂದಂಗುಲ ಹೆಚ್ಚಾದರೂ ಬಿಲ್ಲು ಪಾಸಾಗುವುದಿಲ್ಲವೆಂದೂ, ಆಗದಿದ್ದರೆ ಹೊಲಿಯುವವರು ಬೇಕಾದಷ್ಟು ಮಂದಿ ಇದ್ದಾರೆಂದೂ ಹೇಳಿ ಮತ್ತೆ ಫೋನಿಗೆ ಹೋದ. ಇಲಾಖೆಗೆ ಹೋದಳು. ಉತ್ಸವದ ಅಧಿಕಾರಿ ಕೂರಿಸಿ ಸಾವಧಾನವಾಗಿಯೇ ಕೇಳಿಕೊಂಡರು. ಟೆಂಡರಿನ ಅಳತೆ ಬದಲಾಯಿಸಬೇಕಾದರೆ ತಿದ್ದುಪಡಿ ಪ್ರಕಟಿಸಬೇಕು, ಅದಕ್ಕೆ ಹದಿನೈದು ದಿನ ಬೇಕು, ಉತ್ಸವಕ್ಕೆ ಉಳಿದಿರುವುದು ಹನ್ನೊಂದು ದಿನ ಎಂದು ಲೆಕ್ಕ ಒಪ್ಪಿಸಿದರು. ಹಾಗಾದರೆ ಸರಳನ್ನಾದರೂ ನಾಲ್ಕಡಿ ಕೆಳಗಿಳಿಸಿ ಎಂದಳು. ಅದು ಕಂಬದ ಟೆಂಡರಿನವರದು, ಮುಟ್ಟುವ ಹಾಗಿಲ್ಲ ಎಂದರು. ತಪ್ಪೆಂದು ಎಲ್ಲರಿಗೂ ಗೊತ್ತಿತ್ತು. ಸರಿಮಾಡುವುದು ಮಾತ್ರ ಅಪರಾಧವಾಗಿತ್ತು.

ಹೊಲಿದಳು. ಸಿಟ್ಟನ್ನೆಲ್ಲ ಸೂಜಿಯ ಮೊನೆಗೆ ಇಳಿಸಿ ಹೊಲಿದಳು. ಒಂದು ನಿರಿಗೆಯೂ ಅಂಕುಡೊಂಕಾಗದಂತೆ, ಅಂಚಿನಲ್ಲಿ ಒಂದು ನೂಲೂ ಇಣುಕದಂತೆ. ಇಲಾಖೆಯ ಮೊಗಸಾಲೆಯಲ್ಲಿ ಅದನ್ನು ನೆಲಕ್ಕೆ ಹಾಸಿ, ಮೂವರ ತಪಾಸಣಾ ಸಮಿತಿ ಮಂಡಿಯೂರಿ ಟೇಪು ಹಿಡಿಯಿತು. ಸರಿಯಾಗಿ ಹದಿನೆಂಟು. ಇಂಥ ಕರಾರುವಾಕ್ಕಾದ ಕೆಲಸ ನೋಡಿಯೇ ಇಲ್ಲ ಎಂದು ಮೆಚ್ಚಿ ಮೂವರೂ ಸಹಿ ಹಾಕಿದರು.

ಉತ್ಸವದ ದಿನ ಬೆಳಿಗ್ಗೆ ಪರದೆ ಏರಿತು. ನೆಲಕ್ಕೂ ಅದರ ಅಂಚಿಗೂ ನಡುವೆ ನಾಲ್ಕಡಿ ಬಟ್ಟಬಯಲು. ಆಚೆ ಓಡಾಡುವವರ ಸೊಂಟದ ಕೆಳಗಿನ ಲೋಕವೆಲ್ಲ ಕಾಣುತ್ತಿತ್ತು. ಕೆಲಸದವರು ನಕ್ಕರು. ಅಧಿಕಾರಿ ನಗಲಿಲ್ಲ. ಸಂಜೆ ಮಂತ್ರಿಗಳು ಬರುವವರಿದ್ದರು.

ಹತ್ತು ಗಂಟೆಗೆ ಪರದೆಯಕ್ಕನಿಗೂ ನಾದಿನಿಗೂ ಇಲಾಖೆಯಿಂದ ಕರೆ ಬಂತು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಸಿದ್ಧವಾಗಿತ್ತು. ಅಧಿಕಾರಿ ಈ ಸಲವೂ ದನಿ ಏರಿಸಲಿಲ್ಲ. ಸಂಜೆಯೊಳಗೆ ನಾಲ್ಕಡಿ ಜೋಡಿಸಿಕೊಡಬೇಕು, ಅದಕ್ಕೆ ತುರ್ತು ನಿಧಿಯಿದೆ, ಕೂಲಿ ಇವತ್ತೇ ಕೈಗೆ, ಅದೂ ಪೂರ್ತಿ. ಆದರೆ ತುರ್ತು ನಿಧಿ ಮುಟ್ಟಬೇಕಾದರೆ ಯಾರೋ ಒಬ್ಬರು ತಪ್ಪು ಮಾಡಿರಬೇಕು, ಹಾಗಂತ ನಿಯಮ. ಇಲಾಖೆ ತಪ್ಪು ಮಾಡಿದೆ ಎಂದರೆ ವಿಚಾರಣೆ. ಕಂಪನಿ ಎಂದರೆ ಅದು ಕಪ್ಪುಪಟ್ಟಿಗೆ ಹೋಗುತ್ತದೆ, ಕುರ್ಚಿ ದೀಪದ ಟೆಂಡರೂ ಅದರದ್ದೇ, ಆಗ ಕುರ್ಚಿಯೂ ಇಲ್ಲ ದೀಪವೂ ಇಲ್ಲ.

“ಉಳಿದಿರೋದು ನೀವೊಬ್ಬರೇ ಅಮ್ಮಾ,” ಎಂದರು ಅಧಿಕಾರಿ. “ಅಳತೆ ಹೇಗೂ ನಿಮ್ಮ ಕೈಬರಹದ್ದೇ. ಹೊಲಿಗೆಯವಳ ಕಣ್ತಪ್ಪು ಅಂತ ಒಂದು ಸಹಿ ಹಾಕಿದ್ರೆ ಎಲ್ಲರೂ ಬಚಾವ್.”

ಫೋನಣ್ಣ ಆವತ್ತು ಫೋನನ್ನು ಜೇಬಿಗೆ ಹಾಕಿದ್ದ. “ಬರೋ ವರ್ಷದ್ದೂ ನಿಂಗೇ ಅಕ್ಕಾ, ನನ್ನ ಮಾತು,” ಎಂದ.

ಪರದೆಯಕ್ಕ ಹಾಳೆಯನ್ನು ಎರಡು ಸಲ ಓದಿದಳು. ಅವಳ ಹೆಸರಿತ್ತು, ಅವಳ ಗಂಡನ ಹೆಸರಿತ್ತು, ಮನೆ ನಂಬರಿತ್ತು. ಇಪ್ಪತ್ತೊಂದು ವರ್ಷದಲ್ಲಿ ಇಲಾಖೆಯ ಯಾವ ಆಹ್ವಾನಪತ್ರದಲ್ಲೂ ಅಚ್ಚಾಗದ ಹೆಸರು ಈ ಒಂದು ಹಾಳೆಯಲ್ಲಿ ಒಂದಕ್ಷರ ತಪ್ಪಿಲ್ಲದೆ ಅಚ್ಚಾಗಿತ್ತು. ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರಿತು.

ನಾದಿನಿ ಅವಳ ಸೆರಗು ಜಗ್ಗಿದಳು. “ಹಾಕಿಬಿಡು ಅತ್ತಿಗೆ. ಹೆಸರು ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ?”

ಹಾಗೆ ಕೇಳಿದವಳ ಮೇಲೆ ಪರದೆಯಕ್ಕನಿಗೆ ಸಿಟ್ಟು ಬರಲಿಲ್ಲ. ನಾದಿನಿಯ ಕನ್ನಡಕದ ಗಾಜು ಒಡೆದು ತಿಂಗಳಾಗಿತ್ತು, ಕಣ್ಣು ಕಿರಿದು ಮಾಡಿಕೊಂಡೇ ಆ ಪರದೆಯ ಅಂಚೆಲ್ಲ ಹೊಲಿದಿದ್ದಳು. ಇವತ್ತೇ ಕೈಗೆ ಬರುವ ಕೂಲಿ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಪರದೆಯಕ್ಕ ಪೆನ್ನು ತೆಗೆದುಕೊಂಡಳು. ಅಧಿಕಾರಿಯ ಮುಖ ಸಡಿಲವಾಯಿತು. ಅವಳು ಹಾಳೆ ಮಗುಚಿ, ಹಿಂಬದಿಯಲ್ಲಿ ನಿಧಾನಕ್ಕೆ, ದುಂಡಗೆ ಬರೆದಳು: ರಂಗ ಇಪ್ಪತ್ತೆರಡು ಅಡಿ ಇದೆಯೆಂದು ನಾನು ಹನ್ನೊಂದು ದಿನ ಮುಂಚೆಯೇ ತಿಳಿಸಿದ್ದೆ. ಹದಿನೆಂಟೇ ಹೊಲಿ ಎಂದರು. ಹೊಲಿದೆ. ಕೆಳಗೆ ಸಹಿ ಹಾಕಿ ತಳ್ಳಿದಳು.

“ಇದನ್ನ ಕಡತಕ್ಕೆ ಸೇರಿಸೋ ಹಾಗಿಲ್ಲ,” ಎಂದರು ಅಧಿಕಾರಿ.

“ನನ್ನ ಚೀಟಿ ಸೇರಿಸಿಕೊಂಡಿದ್ದಿರಲ್ಲ ಸ್ವಾಮಿ. ಇದೂ ನನ್ನ ಕೈಬರಹವೇ.”

ಮನೆ ಬಾಗಿಲಲ್ಲಿ ನಾದಿನಿ, ನಿನಗೇನು, ನೀನು ದೊಡ್ಡವಳು, ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಸಂಜೆ ಪರದೆಯಕ್ಕ ಒಬ್ಬಳೇ ಮೈದಾನಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು. ಮೊದಲನೇ ಸಾಲಿನಲ್ಲಿ ಮಂತ್ರಿಗಳ ಪಕ್ಕ ಅಧಿಕಾರಿ ಹಾರ ಹಾಕಿಕೊಂಡು ಕುಳಿತಿದ್ದರು. ಮೊದಲನೆಯದು ಕಾವ್ಯವಾಚನ. ಪ್ರತಿವರ್ಷ ಅದನ್ನು ಕೇಳಲೆಂದೇ ಅವಳು ಬರುತ್ತಿದ್ದಳು. ವಾಚಿಸುವ ಅಜ್ಜ ಪರದೆ ಸರಿಯುವ ಮುಂಚೆ ಗಳಿಗೆ ಹೊತ್ತು ಕಣ್ಣುಮುಚ್ಚಿ ಕೂರುತ್ತಾನೆಂದು ಕೇಳಿದ್ದಳು. ಯಾರೂ ಅದನ್ನು ಕಂಡಿರಲಿಲ್ಲ. ಕಾಣಬಾರದೆಂದೇ ಪರದೆ.

ಇವತ್ತು ಎರಡು ಸಾವಿರ ಜನ ಕಂಡರು. ಸುತ್ತ ರುಂಡವಿಲ್ಲದ ಕಾಲುಗಳು ಓಡಾಡುತ್ತಿದ್ದವು, ಯಾವನೋ ಮೀನಖಂಡ ಕೆರೆದುಕೊಳ್ಳುತ್ತಿದ್ದ, ಯಾರೋ ಕುರ್ಚಿ ಎಳೆಯುತ್ತಿದ್ದರು. ನಡುವೆ ನೆಲದ ಮೇಲೆ ಕುಳಿತಿದ್ದ ಅಜ್ಜನೊಬ್ಬನೇ ತಲೆಯಿಂದ ಪಾದದವರೆಗೆ ಇಡಿಯಾಗಿ ಕಾಣುತ್ತಿದ್ದ. ಕೈ ಜೋಡಿಸಿದ್ದ, ತುಟಿ ಅಲುಗುತ್ತಿತ್ತು. ಕಣ್ಣು ಮುಚ್ಚಿದ್ದರಿಂದ, ತನ್ನನ್ನು ಲೋಕವೆಲ್ಲ ನೋಡುತ್ತಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಜನ ಶಿಳ್ಳೆ ಹಾಕಿದರು. ಅಜ್ಜ ಬೆಚ್ಚಿ ಕಣ್ಣು ಬಿಟ್ಟ. ಜೋಡಿಸಿದ ಕೈ ಬಿಡಿಸಿ, ಅದನ್ನೆಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮಡಿಲಲ್ಲಿ ಮುಚ್ಚಿಟ್ಟುಕೊಂಡ.

ತಾನು ಒಂದು ಸಹಿ ಹಾಕಿದ್ದರೆ ಈ ಮುದುಕ ಪರದೆಯ ಮರೆಯಲ್ಲೇ ಇರುತ್ತಿದ್ದ. ಆ ಮಾತನ್ನು ತನಗೆ ತಾನೇ ಹೇಳಿಕೊಂಡ ಮರುಕ್ಷಣವೇ ಪರದೆಯಕ್ಕನಿಗೆ ಮೈ ಇನ್ನಷ್ಟು ಉರಿಯಿತು. ಅಜ್ಜನ ಪ್ರಾರ್ಥನೆಯನ್ನು ಬಯಲಿಗೆಳೆದವರು ಯಾರೋ, ಅದನ್ನು ಮುಚ್ಚಲು ಸುಟ್ಟುಕೊಳ್ಳಬೇಕಾದದ್ದು ಅವಳ ಹೆಸರು.

ಪಕ್ಕದಲ್ಲಿದ್ದ ದಪ್ಪ ಮೀಸೆಯವನು ನಗು ತಡೆಯಲಾರದೆ ಹೆಂಡತಿಯನ್ನು ಕೇಳುತ್ತಿದ್ದ, ಯಾವಳಪ್ಪಾ ಇದನ್ನ ಹೊಲಿದವಳು, ಕುಡಿದು ಹೊಲಿದಳಾ ಅಂತ.

“ನಾನು,” ಎಂದಳು ಪರದೆಯಕ್ಕ.

ಅವನ ನಗು ಅಲ್ಲೇ ನಿಂತಿತು.

“ನಾನೇ ಹೊಲಿದದ್ದು. ಹತ್ತಿರ ಹೋಗಿ ಹೊಲಿಗೆ ನೋಡಿ, ಒಂದು ತಪ್ಪಿದ್ರೆ ಬಂದು ಹೇಳಿ.” ದನಿ ತಾನಾಗಿ ಏರುತ್ತಿತ್ತು, ಅವಳು ತಡೆಯಲಿಲ್ಲ. ಮುಂದಿನ ಸಾಲಿನವರು ತಿರುಗಿದರು, ಅವರ ಮುಂದಿನವರೂ ತಿರುಗಿದರು. “ಅಳತೆ ಕೊಟ್ಟೋರು ಮೊದಲನೇ ಸಾಲಲ್ಲಿ ಹಾರ ಹಾಕ್ಕೊಂಡು ಕೂತಿದ್ದಾರೆ. ನಕ್ಕು ಮುಗಿದ ಮೇಲೆ ಹೋಗಿ ಅವರನ್ನ ಕೇಳಿ.”

ಮೊದಲನೇ ಸಾಲಿನಲ್ಲಿ ಒಂದು ತಲೆ ಮಾತ್ರ ಹಿಂದಕ್ಕೆ ತಿರುಗಲಿಲ್ಲ.