ಮೂರು ಕಾಲಿನ ಮೇಲೆ

"ಬಿಗಿ ಮಾಡಿ ಕೈ ತೆಗೀರಿ, ಮೇಷ್ಟ್ರೇ," ಎಂದಳು ಲೋರ್ನಾ. "ಆಮೇಲೆ ನೋಡಿ."

ಆರಿನ್ ತಿರುಪು ಬಿಗಿದು ಕೈ ತೆಗೆದರು. ಟ್ರೈಪಾಡಿನ ತಲೆಯ ಮೇಲಿದ್ದ ಖಾಲಿ ರೈಫಲ್ ಹೊರಗಿನ ಕಣ್ಣಿಗೆ ಅಲುಗಲಿಲ್ಲ. ಆದರೆ ರೈಫಲ್ಲಿನ ಮೇಲಿನ ದುರ್ಬೀನಿನೊಳಗೆ, ನಾನೂರು ಗಜ ದೂರದ ಬೇಲಿಗೂಟದ ತುದಿಗಿಟ್ಟಿದ್ದ ಗುರಿಗೆರೆ ಮೆಲ್ಲಗೆ ಜಾರಿ ಗೂಟದ ನಡುವಿಗೆ ಬಂದು ನಿಂತಿತು.

"ಕೂತುಬಿಡ್ತು."

"ಕೂರದೆ ಏನು? ಕಡ್ಡಿ ಮೇಲೆ ಕುಂಬಳಕಾಯಿ ಇಟ್ಟ ಹಾಗಾಯ್ತು. ಇದು ಫೋಟೋ ತೆಗೆಯೋರದ್ದು. ಹಗುರದ್ದೇ ಬೇಕು ಅಂತ ಹಠ ಹಿಡಿದೋರು ನೀವು."

"ಎಪ್ಪತ್ತಮೂರರ ಮುದುಕ ಬೆಟ್ಟ ಹತ್ತಬೇಕಲ್ಲಮ್ಮ."

ಲೋರ್ನಾ ತನ್ನ ಬಂದೂಕಿನ ಅಂಗಡಿಯೊಳಕ್ಕೆ ಹೋದಳು. ಆರಿನ್ ಹಿತ್ತಲಿನ ಪೆಟ್ಟಿಗೆಯ ಮೇಲೆ ಕೂತು ತಮ್ಮ ಕೈಗಳನ್ನು ನೋಡಿಕೊಂಡರು. ಅವು ನಡುಗುತ್ತಿದ್ದವು.

ಮೊಂಟಾನಾದ ಆ ಬೆಟ್ಟಗಳಲ್ಲಿ ದೊಡ್ಡ ಕೊಂಬಿನ ಕಾಡುಟಗರನ್ನು ಬೇಟೆಯಾಡುವ ಪರವಾನಗಿಗೆ ಚೀಟಿ ಎತ್ತುತ್ತಾರೆ. ಸಿಕ್ಕರೆ ಜನ್ಮಕ್ಕೊಮ್ಮೆ. ಮೂವತ್ತಾರು ವರ್ಷ ಆರಿನ್ ಹೆಸರಲ್ಲಿ ಅರ್ಜಿ ತುಂಬಿದವಳು ಹೆಂಡತಿ ಮಾರ್ಲಿಸ್. ಲಕೋಟೆಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಆಮೇಲೆ ಅಂಚೆಗೆ ಹಾಕುವಳು. ಈ ವಸಂತದಲ್ಲೂ ಹಾಕಿದಳು; ವಾರದೊಳಗೆ ತೀರಿಕೊಂಡಳು. ಜೂನಿನಲ್ಲಿ ಚೀಟಿ ಬಿತ್ತು. ಅಷ್ಟು ಹೊತ್ತಿಗೆ ಅವರ ಕೈ ನಡುಗಲು ತೊಡಗಿತ್ತು. ಹೊಟ್ಟೆಗೆ ಗುಂಡು ತಿಂದ ಪ್ರಾಣಿ ಕಣ್ಮರೆಯಾಗಿ ದಿನಗಟ್ಟಲೆ ನರಳಿ ಸಾಯುತ್ತದೆ; ದೇವರು ಕೊಟ್ಟದ್ದನ್ನು ಅವರು ಹಾಗೆ ಕೊಲ್ಲಲಾರರು. ಪರವಾನಗಿ ಹಿಂತಿರುಗಿಸುವ ಕಾಗದ ಅಂಗಿಯ ಜೇಬಿನಲ್ಲಿತ್ತು. ಇವತ್ತು ರೈಫಲ್ ನಿಲ್ಲದಿದ್ದರೆ ಅದನ್ನು ಟಪಾಲಿಗೆ ಹಾಕಿಬಿಡು ಎಂದು ಲೋರ್ನಾಳಿಗೆ ಮೊದಲೇ ಹೇಳಿದ್ದರು.

ಅವಳು ತಂದ ಟ್ರೈಪಾಡಿನ ಇನ್ನೊಂದು ತಲೆ ಗಿಡ್ಡ, ಅಗಲ. ಒಳಗೆ ತಿರುಗುವ ಉಕ್ಕಿನ ಗುಂಡು ಸೇಬಿನಷ್ಟು ದಪ್ಪ.

"ಭಾರ," ಎಂದರು ಆರಿನ್.

"ಅಷ್ಟು ತೂಕದ ಊಟ ಮನೇಲಿ ಬಿಟ್ಟು ಹೋಗಿ."

"ಉಪವಾಸ ಹಾಕ್ತೀಯೇನೆ?"

"ಚರ್ಚಿನ ಭಾನುವಾರದ ಶಾಲೇಲಿ ನಮಗೆ ಉಪವಾಸದ ಪಾಠ ಮಾಡಿದೋರು ಯಾರು, ಮೇಷ್ಟ್ರೇ?"

ಅವಳು ಹೊಸ ತಲೆ ಕೂರಿಸಿ, ರೈಫಲ್ಲನ್ನು ಅದಕ್ಕೆ ಸಿಕ್ಕಿಸಿ, ಟ್ರೈಪಾಡಿನ ಒಂದು ಕಾಲನ್ನು ಬೇಲಿಯ ಕಡೆಗೆ ಚಾಚಿ, ನಡುವಿಗೆ ಕಲ್ಲಿನ ಚೀಲ ನೇತುಹಾಕಿ, ತಿರುಪು ಬಿಗಿದಳು. ಗುರಿಗೆರೆ ಇಟ್ಟಲ್ಲೇ ನಿಂತಿತು. ಆದರೆ ಆರಿನ್ ರೈಫಲ್ಲನ್ನು ಹಿಡಿದೊಡನೆ ಗೂಟ ಕುಣಿಯತೊಡಗಿತು.

"ಹಿಡೀಬೇಡಿ. ಅದು ಹಿಡ್ಕೊಂಡಿದೆ. ನೀವು ಸುಮ್ನೆ ಒರಗಿ."

ಅವರು ಎಡಗೈಯನ್ನು ಮಡಿಲಿಗೆ ಇಳಿಸಿದರು. ಕೆನ್ನೆಯನ್ನಷ್ಟೇ ಮರದ ಹಿಡಿಗೆ ಆನಿಸಿದರು.

ಎಲ್ಲ ನಿಂತಿತು. ಗೂಟದ ಮರದ ಸೀಳುಗಳು, ತುಕ್ಕು ಹಿಡಿದ ಮೊಳೆ. ಹಳದಿ ಎದೆಯ ಹಕ್ಕಿಯೊಂದು ಬಂದು ಗೂಟದ ಮೇಲೆ ಕೂತು ಕೊಕ್ಕು ತೆರೆಯಿತು. ಹಾಡು ಇಷ್ಟು ದೂರಕ್ಕೆ ಕೇಳಿಸಲಿಲ್ಲ. ಗಂಟಲು ಉಬ್ಬಿ ಇಳಿಯುವುದು ಕಂಡಿತು. ಆರಿನ್ ಉಸಿರಾಡುವುದನ್ನೇ ಮರೆತರು. ಮಾರ್ಲಿಸ್ ತೀರಿಕೊಂಡ ಮೇ ತಿಂಗಳಿಂದ ಅವರು ಯಾವುದನ್ನೂ ಇಷ್ಟು ಹೊತ್ತು ನೋಡಿರಲಿಲ್ಲ.

"ಗೂಟದ ಮೇಲೊಂದು ಹಕ್ಕಿ ಕೂತಿದೆ. ಗೆರೆ ಇನ್ನೂ ಅಲುಗ್ತಿದೆ, ಲೋರ್ನಾ. ಚೂರೇ ಚೂರು. ಒಂದೇ ಸಮ."

"ಅದು ತಲೆಯದ್ದಲ್ಲ. ನಿಮ್ಮ ಎದೆ ಬಡಿತ. ಕೆನ್ನೆಯಿಂದ ಹೋಗ್ತದೆ." ಅವಳು ದನಿ ತಗ್ಗಿಸಿದಳು. "ಹಕ್ಕಿಯಿಂದ ಆಚೆ ಹೋಗ್ತಾ ಇದೆಯಾ?"

"ಇಲ್ಲ. ಅದರ ಎದೆಯೊಳಗೇ ಇದೆ."

ರಸ್ತೆಯಲ್ಲಿ ಟಪಾಲು ಗಾಡಿ ಬಂದು ನಿಂತ ಸದ್ದಾಯಿತು. "ಮೇಷ್ಟ್ರೇ, ಕಾಗದ?" ಎಂದಳು ಲೋರ್ನಾ.

ಆರಿನ್ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಎಡಗೈ ಮಾತ್ರ ಮೇಲೆದ್ದು, ತಡಕಾಡಿ, ಜೇಬಿನ ಗುಂಡಿ ಹಾಕಿಕೊಂಡಿತು.

ಹಕ್ಕಿ ಹಾರಿಹೋಯಿತು. ಬರಿದಾದ ಗೂಟದ ತುದಿಯಲ್ಲಿ ಗುರಿಗೆರೆ ಮಿಡಿಯುತ್ತಲೇ ಇತ್ತು.