ಶಾಲೆಯಿಂದ ಒಂಬತ್ತು ಮೀಟರ್

ಬಸಕ್ಕನಿಗೂ ಸ್ಯಾವಿಯೋಗೂ ಜಗಳ ಹುಟ್ಟಿದ್ದು ನೀರಿನಿಂದ. ಅವಳು ಮೊದಲ ಮಹಡಿಯ ಬಾಲ್ಕನಿ ತೊಳೆದಳು, ನೀರು ಕೆಳಗಿನ ಅಂಗಡಿಯ ಹೊಸ ಗಾಜಿನ ಮೇಲೆ ಸುರಿಯಿತು, ಅವನು ಹೊರಗೆ ಬಂದು ಮೇಲೆ ನೋಡಿ ಕೊಂಕಣಿಯಲ್ಲಿ ಏನೋ ಬೈದ. ಬಸಕ್ಕನಿಗೆ ಕೊಂಕಣಿ ಬಾರದು. ಆದರೆ ಬೈಗುಳ ತಿಳಿಯುವುದಕ್ಕೆ ಭಾಷೆ ಬೇಕೇ? ಅವಳು ಇಳಕಲ್ಲಿನ ಕನ್ನಡದಲ್ಲಿ ಬಡ್ಡಿ ಸಮೇತ ಹಿಂದಿರುಗಿಸಿದಳು. ಅವನು ಕಾರವಾರದವನು, ಕನ್ನಡ ಬಲ್ಲವನು ಎಂದು ಗೊತ್ತಾದದ್ದೇ ಆಗ. ಪರದೇಶದಲ್ಲಿ ನಮ್ಮ ಭಾಷೆಯವರು ಸಿಕ್ಕರೆ ಕರುಳು ಮಿಡಿಯುತ್ತದೆ ಎನ್ನುವವರಿದ್ದಾರಲ್ಲ, ಅವರು ಒಮ್ಮೆ ಕೊಲ್ಲಿ ದೇಶದ ಈ ಅಲ್ ಮಬೇಲಾಕ್ಕೆ ಬಂದು ಈ ಇಬ್ಬರನ್ನು ನೋಡಬೇಕಿತ್ತು.

ಮೊದಲು ಕೆಳಗಿನ ಆ ಜಾಗದಲ್ಲಿ ಪರದೆ ಹೊಲಿಯುವ ಅಂಗಡಿಯಿತ್ತು. ಅದು ಖಾಲಿಯಾಗಿ ಎರಡು ತಿಂಗಳ ಮೇಲೆ ಸ್ಯಾವಿಯೋ ಬಂದ, ಬಡಗಿಗಳು ಬಂದರು, ಗಾಜಿಗೆಲ್ಲ ಕಪ್ಪು ಹಾಳೆ ಅಂಟಿಸಿದರು. ಬೋರ್ಡು ಮಾತ್ರ ಬರಲಿಲ್ಲ. ಬೋರ್ಡಿಲ್ಲದೆ ಯಾವ ಅಂಗಡಿ ನಡೆದೀತು ಎಂದು ಬಸಕ್ಕ ಪಕ್ಕದ ಟೈಪಿಂಗ್ ಸೆಂಟರಿನ ಶಾಹುಲ್ ಹಮೀದನನ್ನು ಕೇಳಿದಳು. ಆತ ಉಪ್ಪಿನಂಗಡಿಯವನು. ಇಡೀ ಬೀದಿಯ ಅರಬಿ ಕಾಗದಗಳೆಲ್ಲ ಅವನ ಮೇಜಿನ ಮೇಲೆಯೇ ಹಾದು ಹೋಗಬೇಕು. ಬೋರ್ಡಿಲ್ಲದೆಯೂ ಜನ ಹುಡುಕಿಕೊಂಡು ಬರುವ ಅಂಗಡಿ ಅದು ಒಂದೇ ಅಲ್ಲವಾ ಅಕ್ಕ, ಎಂದ. ಮುಸ್ಲಿಮರಲ್ಲದವರಿಗೆ ಪರ್ಮಿಟ್ ಮೇಲೆ ಮದ್ಯ ಮಾರುವ ಅಂಗಡಿ. ಅರ್ಜಿ ಬಲದಿಯಾಕ್ಕೆ, ಅಂದರೆ ನಗರಸಭೆಗೆ ಹೋಗಿದೆ. ಅಲ್ಲಿಯ ಕಮಿಟಿ ಜಾಗ ನೋಡಿ, ಅಕ್ಕಪಕ್ಕದವರ ಅಭಿಪ್ರಾಯ ಕೇಳಿ ತೀರ್ಮಾನ ಮಾಡುತ್ತದೆ.

ಬಸಕ್ಕ ಅಲ್ಲೇ ನಿಂತು ಶಾಪ ಹಾಕಿದಳು. ಹಾಕದೆ ಏನು? ಅವಳ ಮನೆಗೆ ಹತ್ತುವ ಮೆಟ್ಟಿಲು ಇರುವುದೇ ಆ ಅಂಗಡಿಯ ಬಾಗಿಲಿನ ಪಕ್ಕ. ದಿನಾ ಬೆಳಿಗ್ಗೆ ಏಳೂವರೆಗೆ ಒಂಬತ್ತು ಮಕ್ಕಳು ಅದೇ ಮೆಟ್ಟಿಲು ಹತ್ತಿ ಬರುತ್ತವೆ. ಮೂರು, ನಾಲ್ಕು ವರ್ಷದ ಕೂಸುಗಳು; ತಂದೆ ತಾಯಿ ಇಬ್ಬರೂ ಆಫೀಸಿಗೆ ಹೋಗುವಂಥವು. ಹನ್ನೊಂದು ವರ್ಷದಿಂದ ಬಸಕ್ಕ ತನ್ನ ಹಾಲ್‌ನಲ್ಲಿ ಚಾಪೆ ಹಾಸಿ ಅವಕ್ಕೆ ಅ ಆ ಇ ಈ, ಎ ಬಿ ಸಿ ಡಿ, ನೂರರವರೆಗೆ ಎಣಿಕೆ, ಉಣ್ಣುವ ಮೊದಲು ಕೈ ತೊಳೆಯುವುದು, ಎಲ್ಲ ಕಲಿಸಿದ್ದಾಳೆ. ಅವಳ ಕೈಯಲ್ಲಿ ಕಲಿತವರು ಈಗ ಒಂಬತ್ತನೇ ಕ್ಲಾಸಿನಲ್ಲಿದ್ದಾರೆ.

ಧಾರವಾಡದಲ್ಲಿ ಬಿ.ಎಡ್. ಮಾಡಿದವಳು ಬಸಕ್ಕ. ಮದುವೆಯಾಗಿ, ರುಸೈಲ್‌ನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದ ಶಂಕ್ರೆಪ್ಪನ ಹಿಂದೆ ಇಲ್ಲಿಗೆ ಬಂದು ಎರಡು ಶಾಲೆಗಳಲ್ಲಿ ಸಂದರ್ಶನ ಕೊಟ್ಟಳು. ಎರಡೂ ಕಡೆ ಅವಳ ಇಂಗ್ಲಿಷ್ ಕೇಳಿ ಮುಗುಳ್ನಕ್ಕು ಕಳಿಸಿದರು. ಆ ಮುಗುಳ್ನಗೆಯನ್ನು ಅವಳು ಇನ್ನೂ ಮರೆತಿಲ್ಲ. ಸರ್ಟಿಫಿಕೇಟು ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗಿದೆ. ಮಕ್ಕಳು ಅವಳನ್ನು ಆಂಟಿ ಎನ್ನುತ್ತವೆ, ತಾಯಂದಿರೂ ಆಂಟಿ ಎನ್ನುತ್ತಾರೆ. ಟೀಚರ್ ಎಂದು ಈ ದೇಶದಲ್ಲಿ ಅವಳನ್ನು ಯಾರೂ ಒಮ್ಮೆಯೂ ಕರೆದಿಲ್ಲ.

ಅಂಗಡಿಯ ಸುದ್ದಿ ಹಬ್ಬಿದ ವಾರವೇ ಮೈಸೂರಿನ ಚಿತ್ರಾ ಮಗಳು ನಿಖಿತಾಳನ್ನು ಬಿಡಲು ಬಂದವಳು ಬಾಗಿಲಲ್ಲೇ ನಿಂತಳು. ಕೆಳಗಡೆ ಅಂಥ ಅಂಗಡಿ ಬಂದರೆ ಮಗುವನ್ನು ಕಳಿಸುವುದು ಕಷ್ಟವಾಗುತ್ತದೆ, ಉಳಿದವರೂ ಹಾಗೇ ಹೇಳುತ್ತಿದ್ದಾರೆ ಎಂದಳು. ಅವಳ ಗಂಡ ಪರ್ಮಿಟ್ ಇಟ್ಟುಕೊಂಡು ತಿಂಗಳಿಗೊಮ್ಮೆ ಕಾರಿನ ಡಿಕ್ಕಿ ತುಂಬಿಸಿಕೊಂಡು ಬರುವುದು ಇಡೀ ಮಬೇಲಾಕ್ಕೆ ಗೊತ್ತು. ಕುಡಿಯುವುದು ತಪ್ಪಲ್ಲ, ಅಂಗಡಿ ಕಣ್ಣಿಗೆ ಬಿದ್ದರೆ ತಪ್ಪು! ಆದರೆ ಒಂಬತ್ತು ಮಕ್ಕಳೂ ಹೋದರೆ ಬಸಕ್ಕನಿಗೆ ಬೆಳಿಗ್ಗೆ ಎದ್ದು ಮಾಡಲು ಏನು ಉಳಿಯುತ್ತದೆ? ಆ ಅಂಗಡಿ ಬರಕೂಡದು, ಅಷ್ಟೇ.

ಶಾಹುಲ್ ಹಮೀದನಿಂದ ಅರಬಿಯಲ್ಲಿ ತಕರಾರು ಅರ್ಜಿ ಬರೆಸಿದಳು. ಮನೆ ಮನೆ ಹತ್ತಿಳಿದು ಇಪ್ಪತ್ತಮೂರು ಸಹಿ ಹಾಕಿಸಿದಳು. ಮೇ ತಿಂಗಳ ಬಿಸಿಲಿನಲ್ಲಿ ಸೆರಗು ತಲೆಗೆ ಹೊದ್ದು ಅವಳು ಓಡಾಡುವುದನ್ನು ಸ್ಯಾವಿಯೋ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನೂ ಸುಮ್ಮನಿರುವ ಆಸಾಮಿಯಲ್ಲ. ದೂರದ ಗಡಿ ಊರು ಬುರೈಮಿಯ ಗೋದಾಮಿನಲ್ಲಿ ಆರು ವರ್ಷ ಪೆಟ್ಟಿಗೆ ಎತ್ತಿದ ಮೇಲೆ ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಕೊಟ್ಟ ಮೊದಲ ಮ್ಯಾನೇಜರ್ ಕೆಲಸ ಇದು. ಲೈಸೆನ್ಸ್ ಸಿಗದಿದ್ದರೆ ಮತ್ತೆ ಅದೇ ಗೋದಾಮು. ಅವಳು ಹೋದ ಮನೆಗಳಿಗೆ ಅವನೂ ಹೋದ. ಅಂಗಡಿ ಬಂದರೆ ರಸ್ತೆಗೆ ದೀಪ ಬರುತ್ತದೆ, ಕ್ಯಾಮೆರಾ ಬರುತ್ತದೆ ಎಂದ. ಎರಡು ಮನೆಯವರು ಇಬ್ಬರಿಗೂ ಸಹಿ ಹಾಕಿಕೊಟ್ಟರು.

ಮೆಟ್ಟಿಲ ಮೇಲೆ ಎದುರಾದಾಗ ಇಬ್ಬರೂ ಗೋಡೆ ಸವರಿಕೊಂಡು ಹೋಗುತ್ತಿದ್ದರು. ಒಂದು ದಿನ ಮಾತ್ರ ಅವಳು ನಿಂತು, ಸೆರೆ ಮಾರಿ ಹೊಟ್ಟೆ ಹೊರೆಯೋದಕ್ಕಿಂತ ಮಣ್ಣು ಹೊತ್ತು ಉಣ್ಣೋದು ಚಲೋ ಎಂದಳು. ಅವನು ನಕ್ಕು, ಕಳ್ಳತನದಲ್ಲಿ ಮಾಡುವ ಕೆಲಸಕ್ಕಿಂತ ಲೈಸೆನ್ಸ್ ತೆಗೆದು ಮಾಡುವ ಕೆಲಸ ಒಳ್ಳೆಯದು ಎಂದ. ಅವನ ಮಾತಿನ ಗುರಿ ಎಲ್ಲಿತ್ತೆಂದು ಅವಳಿಗೆ ಗೊತ್ತು.

ಗೊತ್ತಿಲ್ಲದೆ ಏನು? ಮನೆಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಲು ಅವಳಿಗೆ ಪರವಾನಗಿ ಇಲ್ಲ. ಹನ್ನೊಂದು ವರ್ಷದಿಂದ ಯಾರು ಕೇಳಿದರೂ ಗಂಡ ಹೆಂಡತಿಯ ಉತ್ತರ ಒಂದೇ: ಗೆಳೆಯರ ಮಕ್ಕಳು ಆಟಕ್ಕೆ ಬಂದಿವೆ. ಬಲದಿಯಾದವರು ಜಾಗ ನೋಡಲು ಬರುವ ಹಿಂದಿನ ಸಂಜೆ ಶಂಕ್ರೆಪ್ಪ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡ.

"ನಾಳೆ ಏನರ ಮಾತಾಡು, ಸಾಲಿ ಅನ್ನೂ ಶಬ್ದ ಬಾಯಾಗ ಬರಬಾರದು. ನಿನ್ನ ಸಿಟ್ಟು ನನಗ ಗೊತ್ತೈತಿ. ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದಮ್ಯಾಲ ಬರಂಗಿಲ್ಲ."

ಬಸಕ್ಕ ಹೂಂ ಎಂದಳು. ಮರುದಿನ ಮಕ್ಕಳನ್ನು ಬರಬೇಡಿ ಎನ್ನೋಣವೇ ಎಂದೂ ಯೋಚಿಸಿದಳು. ಆದರೆ ತಾಯಂದಿರಿಗೆ ಆಫೀಸಿದೆ.

ಹತ್ತು ಗಂಟೆಗೆ ಬಂದವಳು ಜಮೀಲಾ ಎಂಬ ಅಧಿಕಾರಿ. ಕಪ್ಪು ಅಬಾಯಾ, ಬಿಳಿ ಬೂಟು, ಕೈಯಲ್ಲಿ ಉದ್ದ ಹಿಡಿಕೆಯ ಅಳತೆ ಚಕ್ರ. ಬಲೂಚಿ ಮನೆತನದವಳು, ಹಿಂದಿ ಸಲೀಸಾಗಿ ಆಡುತ್ತಿದ್ದಳು. ಬಸಕ್ಕ ಸಹಿಯ ಕಾಗದ ಕೊಟ್ಟಳು. ಜಮೀಲಾ ಅದನ್ನು ಫೈಲಿಗೆ ಸೇರಿಸಿ, ಕಮಿಟಿ ಇದನ್ನು ಓದುತ್ತದೆ, ಆದರೆ ನೋಡುವುದು ಅಳತೆಯನ್ನು ಎಂದಳು. ಮಸೀದಿ ಅಥವಾ ಶಾಲೆ ಇನ್ನೂರು ಮೀಟರಿನೊಳಗೆ ಇದ್ದರೆ ಅಂಗಡಿ ಇಲ್ಲ, ಇಲ್ಲದಿದ್ದರೆ ಉಂಟು. ಚಕ್ರ ಉರುಳಿಸಿಕೊಂಡು ಹೋಗಿ ಬಂದಳು. ಮಸೀದಿ ಮುನ್ನೂರ ಹತ್ತು ಮೀಟರ್ ದೂರ. ಶಾಲೆಗಳೆಲ್ಲ ದೊಡ್ಡ ರಸ್ತೆಯ ಆಚೆ. ಇಪ್ಪತ್ತಮೂರು ಸಹಿ, ಒಂದು ತಿಂಗಳ ಬಿಸಿಲು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸ್ಯಾವಿಯೋ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಆಗ ಮೇಲಿಂದ ಎಣಿಕೆ ಕೇಳಿಸಿತು. ಒಂದು, ಎರಡು, ಮೂರು... ಒಂಬತ್ತು ಗಂಟಲು ಒಟ್ಟಿಗೆ. ಟೀಚರ್ ಎದುರಿಗಿಲ್ಲದಿದ್ದರೂ ಹೇಳಿಕೊಟ್ಟದ್ದನ್ನು ಮಾಡುತ್ತಿದ್ದವು. ಜಮೀಲಾ ತಲೆಯೆತ್ತಿ ನೋಡಿದಳು, ಆಮೇಲೆ ಮೆಟ್ಟಿಲ ಮೇಲೆ ಸಾಲಾಗಿ ಬಿಟ್ಟಿದ್ದ ಪುಟ್ಟ ಚಪ್ಪಲಿಗಳನ್ನು ನೋಡಿದಳು. ಮೇಲೆ ಶಾಲೆ ಇದೆಯೇ ಎಂದು ಕೇಳಿದಳು.

ಗೆಳೆಯರ ಮಕ್ಕಳು ಆಟಕ್ಕೆ ಬಂದಿವೆ ಎನ್ನುವ ಮಾತು ಬಸಕ್ಕನ ನಾಲಿಗೆಯ ತುದಿಯಲ್ಲಿಯೇ ಇತ್ತು. ಹಾಗೆ ಹೇಳಿದರೆ ಅಂಗಡಿ ಬರುತ್ತದೆ, ಮಕ್ಕಳು ಹೋಗುತ್ತವೆ. ಆದರೂ ಅಂದುಬಿಡುತ್ತಿದ್ದಳು, ಒಂದೆರಡಾದರೂ ಉಳಿದಾವು ಎಂಬ ಆಸೆಯಿತ್ತು. ಅಷ್ಟರಲ್ಲಿ ಸ್ಯಾವಿಯೋ ಮುಂದೆ ಬಂದು, ನಗುತ್ತಾ, ಹಿಂದಿಯಲ್ಲಿ ಹೇಳಿದ:

"ಶಾಲೆಯೂ ಇಲ್ಲ, ಎಂಥದೂ ಇಲ್ಲ ಮೇಡಂ. ಈಕೆ ಆಯಾ. ಮಕ್ಕಳ ಮೂಗು ಒರೆಸಿ ಕೂರಿಸಿಕೊಳ್ಳುತ್ತಾಳೆ, ಅಷ್ಟೇ."

ಅವನ ಆ ಒಂದು ಮಾತಿನಲ್ಲಿ ಇಬ್ಬರೂ ಬಚಾವಾಗುತ್ತಿದ್ದರು. ಜಮೀಲಾ ಆಗಲೇ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ಬಸಕ್ಕ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು.

ಆಯಾ! ಹನ್ನೊಂದು ವರ್ಷ, ಧಾರವಾಡದ ಸರ್ಟಿಫಿಕೇಟು, ಎರಡು ಸಂದರ್ಶನದ ಮುಗುಳ್ನಗೆ, ಎಲ್ಲ ಒಟ್ಟಿಗೆ ನೆತ್ತಿಗೇರಿತು. ಗಂಡನ ಮಾತೂ ಮರೆತುಹೋಯಿತು, ಅವನು ಹೇಳಿದ ಮೂಗೂ ಮರೆತುಹೋಯಿತು.

"ಸಾಲಿ ಐತ್ರಿ," ಎಂದಳು, ಕನ್ನಡದಲ್ಲಿಯೇ. ಆಮೇಲೆ ಹಿಂದಿಯಲ್ಲಿ, ಒಂದೊಂದೇ ಮಾತು ಗಟ್ಟಿಯಾಗಿ: "ಮೇಲೆ ಶಾಲೆ ಇದೆ. ಹನ್ನೊಂದು ವರ್ಷ ಆಯಿತು. ನಾನು ಟೀಚರ್. ಬರೆದುಕೊಳ್ಳಿ."

ಜಮೀಲಾ ಪೆನ್ನಿನ ಮುಚ್ಚಳ ಮತ್ತೆ ತೆಗೆದಳು. ಖಂಡಿತವಾಗಿ ಬರೆಯಲೇ ಎಂದು ಎರಡು ಸಲ ಕೇಳಿದಳು. ಪಾಪ, ಕೆಟ್ಟ ಹೆಂಗಸಲ್ಲ ಅವಳು. ಬಸಕ್ಕ ಎರಡು ಸಲವೂ ಬರೆಯಿರಿ ಎಂದಳು. ಮೇಲೆ ಹೋಗಿ ಬೀರು ತೆಗೆದು ಸರ್ಟಿಫಿಕೇಟನ್ನೂ ತಂದು ತೋರಿಸಿದಳು. ಜಮೀಲಾ ಅಂಗಡಿಯ ಹೊಸ್ತಿಲಿನಿಂದ ಮೆಟ್ಟಿಲ ಬಾಗಿಲಿನವರೆಗೆ ಚಕ್ರ ಉರುಳಿಸಿದಳು. ಒಂಬತ್ತು ಮೀಟರ್.

ಅವಳ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಸ್ಯಾವಿಯೋ ಬಸಕ್ಕನ ಎದುರಿಗೆ ಬಂದು ನಿಂತ.

"ನಿಮ್ಗೆ ಒಳ್ಳೇದಾಗ್ಲಿ ಅಂತ ಹೇಳಿದ್ದಲ್ಲ ನಾನು. ನನ್ನ ಕೆಲಸ ಉಳೀಲಿ ಅಂತ ಹೇಳಿದ್ದು. ಆದ್ರೆ ನಿಮ್ದೂ ಉಳೀತಿತ್ತು."

"ನಿನ್ನ ಬಾಯಿಂದ ಉಳಿಯೂದಾದ್ರ ಅದು ನನಗ ಬ್ಯಾಡ," ಎಂದು ಬಸಕ್ಕ ಮೆಟ್ಟಿಲು ಹತ್ತಿದಳು. ಮಕ್ಕಳು ತೊಂಬತ್ತರ ಹತ್ತಿರ ಬಂದು ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದವು.

ರಾತ್ರಿ ವಿಷಯ ತಿಳಿದ ಶಂಕ್ರೆಪ್ಪ ಎದ್ದು ಹೋಗಿ ಪಾಸ್‌ಪೋರ್ಟುಗಳನ್ನು ತೆಗೆದು ವೀಸಾದ ತಾರೀಖು ನೋಡಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮೂರನೇ ವಾರ ಒಂದೇ ದಿನ ಎರಡು ಕಾಗದ ಬಂದವು, ಒಂದು ಕೆಳಗೆ, ಒಂದು ಮೇಲೆ. ಕೆಳಗಿನದರಲ್ಲಿ ಲೈಸೆನ್ಸ್ ನಿರಾಕರಿಸಲಾಗಿತ್ತು. ಬಸಕ್ಕ ತನ್ನದನ್ನು ಶಾಹುಲ್ ಹಮೀದನ ಮೇಜಿನ ಮೇಲಿಟ್ಟಳು. ಅವನು ಮನಸ್ಸಿನಲ್ಲಿಯೇ ಓದಿಕೊಂಡು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡ. ಪರವಾನಗಿ ಇಲ್ಲದೆ ನಡೆಸುತ್ತಿರುವ ಶಾಲೆಯನ್ನು ಇಂದಿನಿಂದಲೇ ಮುಚ್ಚತಕ್ಕದ್ದು. ಮತ್ತೆ ತೆರೆದರೆ ಕುಟುಂಬದ ವೀಸಾಕ್ಕೆ ತೊಂದರೆಯಾದೀತು.

ಅವಳ ಹೆಸರಿನ ಮುಂದೆ ಏನೆಂದು ಬರೆದಿದೆ ಎಂದು ಬಸಕ್ಕ ಕೇಳಿದಳು.

"ಶಿಕ್ಷಕಿ ಅಂತ ಉಂಟು ಅಕ್ಕ."

"ಇನ್ನೊಮ್ಮೆ ಓದು."

ಅವನು ಬೆರಳಿಟ್ಟು ಮೊದಲು ಅರಬಿಯಲ್ಲಿ, ಆಮೇಲೆ ಕನ್ನಡದಲ್ಲಿ ಓದಿದ. ಸರ್ಕಾರಿ ಮೊಹರಿನ ಪಕ್ಕದಲ್ಲಿಯೇ ಇತ್ತು ಆ ಶಬ್ದ. ಅವಳು ಕಾಗದವನ್ನು ನಾಲ್ಕಾಗಿ ಮಡಚಿದಳು.

ಹೊರಗೆ ಸ್ಯಾವಿಯೋ ಹೊಸ ಕಪಾಟುಗಳನ್ನು ಪಿಕಪ್ಪಿಗೆ ಏರಿಸುತ್ತಿದ್ದ. ಬುರೈಮಿಗೆ ಹೊರಟಿದ್ದ. ಅವಳನ್ನು ನೋಡಿ ಕೆಲಸ ನಿಲ್ಲಿಸಿದ. "ಖಲಾಸ್, ಟೀಚರ್," ಎಂದ. ಅಣಕವೋ ಅಲ್ಲವೋ ಎಂದು ಅವಳು ಅವನ ಮುಖ ನೋಡಲಿಲ್ಲ. ಅವನು ಹಾಳಾಗಿ ಹೋಗಲಿ ಎಂದು ಶಪಿಸಿಕೊಂಡೇ ಮೆಟ್ಟಿಲು ಹತ್ತಿದಳು.

ಸಂಜೆ ಚಿತ್ರಾಳ ಫೋನ್ ಬಂತು. ಅಂಗಡಿ ಬರುವುದಿಲ್ಲವಂತೆ, ಒಳ್ಳೆಯದಾಯಿತು ಎಂದಳು. ಕ್ಲಾಸು ನಿಂತದ್ದಕ್ಕೆ ಬೇಜಾರಾಯಿತು ಎಂದೂ ಹೇಳಿದಳು. ಆಮೇಲೆ ಕೇಳಬೇಕಾದದ್ದನ್ನು ಕೇಳಿದಳು.

"ಭಾನುವಾರ ಆಫೀಸ್ ಶುರುವಾದ್ರೆ ನಿಖಿತಾನ ಎಲ್ಲಿ ಬಿಡೋದು ಅಂತಾನೇ ಗೊತ್ತಾಗ್ತಿಲ್ಲ ಆಂಟಿ. ನಿಮ್ ಕಡೆ ಯಾರಾದ್ರೂ ಒಳ್ಳೆ ಆಯಾ ಇದ್ರೆ ಹೇಳ್ತೀರಾ? ನಿಮ್ ಥರಾನೇ ನೋಡ್ಕೊಳೋರು ಬೇಕು."

ಬಸಕ್ಕ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಮತ್ತೆ ಕಿವಿಗೆ ಹಿಡಿದಳು.

"ಕೆಳಗ ಸ್ಯಾವಿಯೋ ಅಂತ ಒಬ್ಬಾವ ಅದಾನ. ಇನ್ನೂ ಗಾಡಿ ಹತ್ತಿಲ್ಲ. ಆಯಾ ಯಾರು ಅಂತ ಅವಂಗ ಗೊತ್ತೈತಿ. ಅವನ್ನ ಕೇಳ್ರಿ."

ಫೋನ್ ಇಟ್ಟಳು. ಆಮೇಲೆ ಹಾಲ್‌ನಲ್ಲಿ ಹಾಸಿದ್ದ ಚಾಪೆಯ ಮೇಲೆ, ನಿಖಿತಾ ಕೂರುತ್ತಿದ್ದ ಜಾಗದಲ್ಲಿಯೇ ಕುಳಿತು ಅತ್ತಳು. ಶಂಕ್ರೆಪ್ಪ ಕೆಲಸದಿಂದ ಬರುವಷ್ಟರಲ್ಲಿ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿಯಾಗಿತ್ತು.